ಗಣಿಯ ಬಾಯಿಂದ ಊಟಿಯ ತಂತಿಗಳವರೆಗೆ: ಆಕಾಶ ಹುಡುಕಿಕೊಂಡು ಒಂದು ರೋಡ್ ಟ್ರಿಪ್

ಶನಿವಾರ: ಬೆಂಗಳೂರು, ಕೆಜಿಎಫ್, ಕಾವಲೂರು

"ಮಾಮ, ಟೆಲಿಸ್ಕೋಪ್ ತೋರಿಸ್ತೀನಿ ಅಂತ ಕರ್ಕೊಂಡು ಬಂದು ಗಣಿ ತೋರಿಸ್ತಿದ್ದೀಯಲ್ಲಾ?"

ಅಕ್ಕನ ಮಗಳ ಈ ತಕರಾರು ಹೊಸಕೋಟೆ ದಾಟುವ ಮೊದಲೇ ಶುರುವಾಗಿತ್ತು. ಇಂಜಿನಿಯರಿಂಗ್ ಓದುವ ಹುಡುಗಿ, ಎಲ್ಲದಕ್ಕೂ ಕಾರಣ ಬೇಕು. ಸ್ಟೀರಿಂಗ್ ಹಿಡಿದಿದ್ದ ಭಾವನಿಗೆ ಇದ್ದ ಚಿಂತೆ ಒಂದೇ: ಕೋಲಾರದಲ್ಲಿ ತಿಂಡಿಗೆ ನಿಲ್ಲಿಸುವುದೋ, ಇನ್ನೊಂದಷ್ಟು ದೂರ ಹೋಗಿ ಮುಳಬಾಗಿಲು ದೋಸೆಯನ್ನೇ ತಿಂದು ಬರುವುದೋ. ಕೊನೆಗೆ ಕೋಲಾರದ ಇಡ್ಲಿಯೇ ಗೆದ್ದಿತು.

ಹೊಸಕೋಟೆಯನ್ನು ಸುಮ್ನೆ ದಾಟಿಬಿಡಬಾರದು. ನಕ್ಷತ್ರ, ಗ್ರಹಗಳ ಅಧ್ಯಯನ ಮಾಡುವ ಭಾರತೀಯ ಖಭೌತ ಸಂಸ್ಥೆಯ ಒಂದು ಕೇಂದ್ರ ಇಲ್ಲಿದೆ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಬೆಟ್ಟದ ಮೇಲೆ 2 ಮೀಟರ್ ಅಗಲದ ಕನ್ನಡಿಯ ದೂರದರ್ಶಕವಿದೆಯಲ್ಲ, ಅದನ್ನು ರಾತ್ರಿಯಿಡೀ ತಿರುಗಿಸುವವರು ಕೂರುವುದು ಇಲ್ಲಿ. ಅಲ್ಲಿ ಮೂಗು ಹೆಪ್ಪುಗಟ್ಟುವ ಚಳಿ, ಉಸಿರಾಡಲು ಗಾಳಿ ಸಾಲದು. ಇಲ್ಲಿ ಕೂತವರು ಫ್ಯಾನ್ ಕೆಳಗೆ ಕಾಫಿ ಕುಡಿಯುತ್ತಾ ಉಪಗ್ರಹದ ಮೂಲಕ ಆಜ್ಞೆ ಕಳಿಸುತ್ತಾರೆ. ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ಜೋಡಣೆಯಾಗಿದ್ದೂ ಇದೇ ಆವರಣದಲ್ಲಿ. ಹೆದ್ದಾರಿಯಲ್ಲಿ ಬಿರಿಯಾನಿಗೆ ಸಾಲು ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಕೆಜಿಎಫ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡೆಗಳು, ಮಳೆ ಕೊರೆದು ಕೊರೆದು ಸಾಲು ಸಾಲು ಬಿರುಕು. ಗಣಿ ಮುಚ್ಚಿದ್ದು 2001ರಲ್ಲಿ. ಚಾಂಪಿಯನ್ ರೀಫ್ ಕಡೆಯ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಬೇಲಿಯ ಆಚೆ ಕಾಣುವ ಕಬ್ಬಿಣದ ಗೋಪುರ ತೋರಿಸಿದೆ. ಈ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ ಇತ್ತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ಆಕಾಶಕ್ಕೂ ಇದಕ್ಕೂ ಏನು ನಂಟು? ನಮ್ಮ ಮೈಮೇಲೆ ಆಕಾಶದಿಂದ ಸದಾ ಕಣಗಳ ಮಳೆ ಸುರಿಯುತ್ತಿರುತ್ತದೆ. ಅದರಲ್ಲಿ ನ್ಯೂಟ್ರಿನೊ ಅನ್ನುವುದು ಮಹಾ ಮೊಂಡ. ಯಾವುದಕ್ಕೂ ತಗಲುವುದಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ದಾಟಿ ಹೋಗುತ್ತವೆ. ರಾತ್ರಿಯಾದರೂ ನಿಲ್ಲುವುದಿಲ್ಲ, ಆಗ ಭೂಮಿಯನ್ನೇ ತೂರಿಕೊಂಡು ಕಾಲಕೆಳಗಿನಿಂದ ಬರುತ್ತವೆ. ಇಂಥದ್ದನ್ನು ಹಿಡಿಯಬೇಕಾದರೆ ಮಿಕ್ಕ ಕಣಗಳ ಗದ್ದಲ ಇರಬಾರದು. ಗದ್ದಲ ಇಲ್ಲದ ಜಾಗ ಎಂದರೆ ಭೂಮಿಯ ಆಳ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಬ್ರಿಟನ್ನಿನ ಡರ್ಹ್ಯಾಮ್ ಮತ್ತು ಜಪಾನಿನ ಒಸಾಕಾ ವಿಶ್ವವಿದ್ಯಾಲಯಗಳವರ ಜೊತೆ ಸೇರಿ ಈ ಗಣಿಯೊಳಗೆ 2 ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟರು. 1965ರಲ್ಲಿ, ನಮ್ಮ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿಬಿದ್ದಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಲೋಕದಲ್ಲಿ ಅದಕ್ಕೂ ಮೊದಲು ಯಾರೂ ಇದನ್ನು ಹಿಡಿದಿರಲಿಲ್ಲ.

ಇನ್ನು ಆ ಚಿನ್ನ. ಕಬ್ಬಿಣದವರೆಗಿನ ಧಾತುಗಳನ್ನು ನಕ್ಷತ್ರಗಳು ತಮ್ಮ ಒಡಲಲ್ಲೇ ಬೇಯಿಸಿಕೊಳ್ಳುತ್ತವೆ. ಚಿನ್ನಕ್ಕೆ ಆ ಬೆಂಕಿ ಸಾಲದು. 2017ರ ಆಗಸ್ಟ್ 17ರಂದು, 13 ಕೋಟಿ ಬೆಳಕಿನ ವರ್ಷ (ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಬೆಳಕಿನ ವರ್ಷ) ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ದೊಡ್ಡ ನಕ್ಷತ್ರಗಳ ಗಟ್ಟಿ ತಿರುಳುಗಳು, ಡಿಕ್ಕಿ ಹೊಡೆದ ಸುದ್ದಿ ಗುರುತ್ವದ ಅಲೆಯಾಗಿ ಭೂಮಿಗೆ ತಲುಪಿತು. ಆ ಜಾಗದ ಬೆಳಕನ್ನು ನೋಡಿದಾಗ ಚಿನ್ನದಂಥ ಭಾರದ ಧಾತುಗಳು ಹುಟ್ಟುವ ಗುರುತು ಸಿಕ್ಕಿತು. ಕೋಲಾರದ ಬಂಡೆಯಲ್ಲಿದ್ದ ಚಿನ್ನವೂ ಭೂಮಿ ಹುಟ್ಟುವ ಎಷ್ಟೋ ಮೊದಲು ಅಂಥ ಯಾವುದೋ ಅನಾಹುತದಲ್ಲಿ ತಯಾರಾಗಿದ್ದೇ. ಇಲ್ಲಿಂದ ತೆಗೆದದ್ದು ಸುಮಾರು 800 ಟನ್.

"ಹಾಗಾದ್ರೆ ಮೇಕಿಂಗ್ ಚಾರ್ಜ್ ಕಮ್ಮಿಯೇ ತಗೋತಿದ್ದಾರೆ ಬಿಡಿ," ಎಂದರು ಭಾವ.

ಕುಪ್ಪಂ, ವಾಣಿಯಂಬಾಡಿ ದಾಟಿ ಆಲಂಗಾಯಂ ಕಡೆಯಿಂದ ಜವ್ವಾದಿ ಬೆಟ್ಟ ಹತ್ತಿದೆವು. ಕಾವಲೂರಿನ ವೇಣು ಬಾಪ್ಪು ವೀಕ್ಷಣಾಲಯಕ್ಕೆ ಸಾರ್ವಜನಿಕರಿಗೆ ಶನಿವಾರವೇ ಪ್ರವೇಶ. ಟ್ರಿಪ್ಪನ್ನು ಶನಿವಾರ ಶುರು ಮಾಡಿದ್ದೂ ಅದಕ್ಕೇ.

ದೊಡ್ಡ ಗುಮ್ಮಟದೊಳಗೆ 2.34 ಮೀಟರ್ ಕನ್ನಡಿಯ ದೂರದರ್ಶಕ. ಕನ್ನಡಿಯನ್ನು ಉಜ್ಜಿ ಹದ ಮಾಡಿದ್ದು ಬೆಂಗಳೂರಿನಲ್ಲಿ. 1986ರಲ್ಲಿ ಉದ್ಘಾಟನೆ. ಇದರ ಕನಸು ಕಂಡ ಖಗೋಳ ವಿಜ್ಞಾನಿ ವೇಣು ಬಾಪ್ಪು ಅದನ್ನು ನೋಡಲು ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು. ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗಲೇ, 1949ರಲ್ಲಿ, ಹೊಸ ಧೂಮಕೇತು ಕಂಡುಹಿಡಿದ ಮನುಷ್ಯ. ಊರೂರು ಅಲೆದು ಈ ಕಾಡನ್ನು ಆರಿಸಿದರು. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಇಲ್ಲಿಂದ ಉತ್ತರದ ಆಕಾಶವೂ ಕಾಣುತ್ತದೆ, ದಕ್ಷಿಣದ್ದೂ ಬಹುಪಾಲು ಕಾಣುತ್ತದೆ.

ನನಗೆ ಹೆಚ್ಚು ಇಷ್ಟವಾಗಿದ್ದು ಪಕ್ಕದ 1 ಮೀಟರ್ ದೂರದರ್ಶಕದ ಕಥೆ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಎಲ್ಲರೂ ನಕ್ಷತ್ರ ಮರೆಯಾಗುವ ಗಳಿಗೆಗೆ ಕಾಯುತ್ತಿದ್ದರು. ಆದರೆ ಗ್ರಹ ಹತ್ತಿರ ಬರುವ ಮೊದಲೇ ನಕ್ಷತ್ರ ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಯಾಕೆ? ಗ್ರಹದ ಸುತ್ತ ಬಳೆಗಳಿದ್ದವು! ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕದವರಿಗೆ ಅದು ಕಂಡಿತು, ಕಾವಲೂರಿನವರಿಗೂ ಕಂಡಿತು. ಅಲ್ಲಿಯವರೆಗೆ ಬಳೆ ಇರುವುದು ಶನಿಗೆ ಮಾತ್ರ ಎಂದೇ ಜಗತ್ತು ನಂಬಿತ್ತು. 1988ರಲ್ಲಿ ಇಲ್ಲಿಂದಲೇ ಸಿಕ್ಕ ಒಂದು ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟಿದ್ದಾರೆ.

ಕತ್ತಲಾದ ಮೇಲೆ ಮೊಬೈಲ್ ಬೆಳಕಿಗೂ ಬೈಗುಳ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು, ಒಂದು ಸಲ ಸ್ಕ್ರೀನ್ ನೋಡಿದರೆ ಎಲ್ಲಾ ಹಾಳು. ಚಿಕ್ಕ ದೂರದರ್ಶಕದ ಮುಂದೆ ಸಾಲು. ನನ್ನ ಸರದಿ ಬಂದಾಗ ಕಣ್ಣಿಟ್ಟೆ: ಮಾಸಲು ಹಳದಿ ಬಿಲ್ಲೆ, ಅದರ ಮೇಲೆ ಎರಡು ಕಂದು ಪಟ್ಟಿ, ಪಕ್ಕದಲ್ಲಿ ಒಂದೇ ಗೆರೆಯಲ್ಲಿ ನಾಲ್ಕು ಚುಕ್ಕಿ. ಗುರು ಮತ್ತು ಅವನ ಚಂದ್ರರು. ಉಸಿರು ತಾಗಿ ಗಾಜು ಮಂಜಾಯಿತು. ಹಿಂದಿದ್ದ ಅಜ್ಜಿ "ಸೀಕ್ರಂ, ಸೀಕ್ರಂ" ಎಂದು ಬೆನ್ನು ತಟ್ಟಿದರು.

ಆಚೆ ಬಂದು ಬರಿಗಣ್ಣಲ್ಲಿ ನೋಡಿದ್ದೇ ಜಾಸ್ತಿ ಹೊತ್ತು. ದಕ್ಷಿಣಕ್ಕೆ ತಗ್ಗಿನಲ್ಲಿ ಅಗಸ್ತ್ಯ (ಕೆನೋಪಸ್) ನಕ್ಷತ್ರ, ಅದರ ಮೇಲೆ ಲುಬ್ಧಕ (ಸಿರಿಯಸ್). ಲುಬ್ಧಕ ಹೆಚ್ಚು ಹೊಳೆಯುತ್ತದೆ, ಆದರೆ ಅದು 8.6 ಬೆಳಕಿನ ವರ್ಷದ ನೆರೆಮನೆ. ಅಗಸ್ತ್ಯ ಇರುವುದು 300ಕ್ಕೂ ಹೆಚ್ಚು ಬೆಳಕಿನ ವರ್ಷ ದೂರ, ಸೂರ್ಯನಿಗಿಂತ ಹತ್ತು ಸಾವಿರ ಪಟ್ಟು ಮೀರಿದ ಬೆಳಕು. ಯುರೋಪಿನ ಬಹುಪಾಲು ಜನ ಅದನ್ನು ತಮ್ಮೂರಿನಿಂದ ನೋಡಲಾರರು.

ಕೆಂಪಗೆ ಮಿನುಗುತ್ತಿದ್ದ ಆರಿದ್ರಾ ತೋರಿಸಿದೆ. "ಆರಿದ್ರಾ ಮಳೆ ಅಂತಾರಲ್ಲ, ಅದೇನಾ?" ಎಂದಳು ಹುಡುಗಿ. ಅದೇ. ಆದರೆ ಆರಿದ್ರಾ ಮಳೆ ಬರುವ ಜೂನ್ ಕೊನೆಯಲ್ಲಿ ಈ ನಕ್ಷತ್ರ ಯಾರಿಗೂ ಕಾಣುವುದಿಲ್ಲ. ಸೂರ್ಯ ಆಗ ಅದರ ಹತ್ತಿರವೇ ಇರುತ್ತಾನೆ, ಅದಕ್ಕೇ ಆ ಮಳೆಗೆ ಆ ಹೆಸರು. ನಮ್ಮ ರೈತರು ಮಳೆ ಎಣಿಸುವುದು ಆಗ ಕಾಣದಿರುವ ನಕ್ಷತ್ರಗಳ ಲೆಕ್ಕದಲ್ಲಿ! ಈ ಆರಿದ್ರಾವನ್ನು ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳನವರೆಗಿನ ಗ್ರಹಗಳೆಲ್ಲಾ ಅದರ ಹೊಟ್ಟೆಯೊಳಗೆ. ಈಗ ಕಾಣುತ್ತಿರುವ ಬೆಳಕು ಅಲ್ಲಿಂದ ಹೊರಟಿದ್ದು ವಿಜಯನಗರದ ಕಾಲದಲ್ಲಿ.

ಭಾನುವಾರ: ದಾರಿಯಲ್ಲೇ ಕಳೆದ ದಿನ

ತಿರುಪತ್ತೂರು, ಸೇಲಂ, ದಿಂಡಿಗಲ್, ಬತ್ತಲಗುಂಡು. ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಬಿಸಿಲು ಮತ್ತು ಟೋಲ್. ಕಾರಿನಲ್ಲಿ ಹುಡುಗಿಯದೇ ಕ್ವಿಜ್ ನಡೆಯಿತು. ಯಾವ ಗ್ರಹದಲ್ಲಿ ವರ್ಷಕ್ಕಿಂತ ದಿನ ದೊಡ್ಡದು? ಶುಕ್ರ. ಸೂರ್ಯನನ್ನು ಸುತ್ತಲು 225 ದಿನ, ತನ್ನ ಸುತ್ತ ತಾನು ತಿರುಗಲು 243. ಚಂದ್ರ ನಮ್ಮಿಂದ ದೂರ ಹೋಗುತ್ತಿದ್ದಾನಾ, ಹತ್ತಿರ ಬರುತ್ತಿದ್ದಾನಾ? ದೂರ, ವರ್ಷಕ್ಕೆ 3.8 ಸೆಂಟಿಮೀಟರ್. ಭಾವ ಯಾವುದಕ್ಕೂ ಉತ್ತರ ಹೇಳಲಿಲ್ಲ, ಲಾರಿಗಳ ಮಧ್ಯೆ ದಾರಿ ಹುಡುಕುತ್ತಿದ್ದರು.

ಕೊಡೈಕೆನಾಲ್ ಚೆಕ್‌ಪೋಸ್ಟಿನಲ್ಲಿ ಇ-ಪಾಸ್ ತೋರಿಸಬೇಕು. ಅಲ್ಲೇ ರಸ್ತೆಯಲ್ಲಿ ನಿಂತು ಅರ್ಜಿ ತುಂಬುತ್ತಿದ್ದವರ ಗೋಳು ನೋಡಲಾಗದು. ನಾವು ಉಳಿದ ಹೋಟೆಲಿನಲ್ಲಿ ಬಿಸಿನೀರು ಬರುವುದು ಬೆಳಗ್ಗೆ ಆರರಿಂದ ಏಳರವರೆಗೆ ಎಂದರು. ಬಂದಿದ್ದು ಹತ್ತು ನಿಮಿಷ.

ಸೋಮವಾರ: ಕೊಡೈಕೆನಾಲ್

ರಾತ್ರಿ ಮಲಗಿ ಹಗಲು ಆಕಾಶ ನೋಡುವವರ ಊರು ಇದು. ಸೌರ ವೀಕ್ಷಣಾಲಯ ಊರಿನಿಂದ ಸ್ವಲ್ಪ ಮೇಲೆ, 2,343 ಮೀಟರ್ ಎತ್ತರದಲ್ಲಿದೆ. ಬೆಳಗ್ಗೆ ಬೇಗ ಹೋಗಬೇಕು, ಮಧ್ಯಾಹ್ನಕ್ಕೆ ಮಂಜು ಕವಿದರೆ ಮುಗಿಯಿತು.

ಇದರ ಹಿಂದೆ ಒಂದು ಬರದ ಕಥೆಯಿದೆ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮದ್ರಾಸು ಪ್ರಾಂತ್ಯವನ್ನೂ ಮೈಸೂರು ಸೀಮೆಯನ್ನೂ ಹಿಂಡಿ ಹಾಕಿದ ಬರ ಶುರುವಾಯಿತು. ಲಕ್ಷಾಂತರ ಜನ ಸತ್ತರು. ಮಳೆ ಯಾಕೆ ಕೈಕೊಡುತ್ತದೆ, ಸೂರ್ಯನಲ್ಲಿ ಏನಾದರೂ ಏರುಪೇರಾದರೆ ಇಲ್ಲಿ ಮಳೆ ತಪ್ಪುತ್ತದಾ ಎಂದು ನೋಡಲು ಒಂದು ವೀಕ್ಷಣಾಲಯ ಬೇಕು ಎನ್ನುವ ಮಾತು ಅಲ್ಲಿಂದ ಹುಟ್ಟಿತು. 1899ರಲ್ಲಿ ಈ ಬೆಟ್ಟದ ಮೇಲೆ ಅದು ಬಂತು. ಮಳೆಯ ಗುಟ್ಟು ಸೂರ್ಯನ ಕಲೆಗಳಲ್ಲಿ, ಅಂದರೆ ಅವನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳಲ್ಲಿ, ಅಷ್ಟು ಸಲೀಸಾಗಿ ಸಿಗಲಿಲ್ಲ. ಆದರೆ 1904ರಿಂದ ಇಲ್ಲಿ ದಿನವೂ ಸೂರ್ಯನ ಫೋಟೊ ತೆಗೆಯುತ್ತಾ ಬಂದಿದ್ದಾರೆ. ಮೊದಲು ಗಾಜಿನ ಪ್ಲೇಟು, ಆಮೇಲೆ ಫಿಲ್ಮು, ಈಗ ಡಿಜಿಟಲ್. ಎರಡು ಮಹಾಯುದ್ಧ, ಸ್ವಾತಂತ್ರ್ಯ ಎಲ್ಲಾ ಬಂದು ಹೋದರೂ ಬೆಳಗಾದರೆ ಒಬ್ಬರು ಎದ್ದು ಸೂರ್ಯನ ಫೋಟೊ ತೆಗೆದಿದ್ದಾರೆ. ನನಗೆ ಯಾವ ದೊಡ್ಡ ಕನ್ನಡಿಗಿಂತಲೂ ಈ ಹಟ ದೊಡ್ಡದಾಗಿ ಕಂಡಿತು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಕಮ್ಮಿಯಾಗುತ್ತವೆ. ಇಂಥದ್ದನ್ನು ಅರಿಯಬೇಕಾದರೆ ಒಬ್ಬ ಮನುಷ್ಯನ ನೌಕರಿಯ ಅವಧಿ ಸಾಲದು.

1909ರ ಜನವರಿಯಲ್ಲಿ ಜಾನ್ ಎವರ್ಶೆಡ್ ಇಲ್ಲೇ ಕೂತು, ಸೂರ್ಯನ ಕಲೆಯ ನಡುವಿನಿಂದ ಅನಿಲ ಸುತ್ತಲೂ ಹೊರಕ್ಕೆ ಹರಿಯುತ್ತದೆ ಎಂದು ಕಂಡುಹಿಡಿದರು. ಜಗತ್ತಿನ ಸೌರ ವಿಜ್ಞಾನದ ಪಾಠಗಳಲ್ಲೆಲ್ಲಾ ಅದಕ್ಕೆ ಅವರದೇ ಹೆಸರು. ಹೆಂಡತಿ ಮೇರಿ ಕೂಡ ಖಗೋಳ ವಿಜ್ಞಾನಿ, ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಮೇಲೆ ಇಬ್ಬರೂ ಕೂಡಿ ಕೆಲಸ ಮಾಡಿದರು. ಅಂದ ಹಾಗೆ, ಕಲೆ ಕಪ್ಪಗೆ ಕಾಣುವುದು ನಮ್ಮ ಕಣ್ಣಿನ ಮೋಸ. ಅಲ್ಲಿ ಸುಮಾರು 4,000 ಡಿಗ್ರಿ ಬಿಸಿ ಇರುತ್ತದೆ, ಸುತ್ತಲಿನದು 5,500, ಅಷ್ಟೇ ವ್ಯತ್ಯಾಸ. ಒಂದು ದೊಡ್ಡ ಕಲೆಯೊಳಗೆ ನಮ್ಮ ಭೂಮಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ.

ಇಲ್ಲಿಯ ದೂರದರ್ಶಕವೂ ನೀವು ಅಂದುಕೊಂಡ ಹಾಗಿಲ್ಲ. 11 ಮೀಟರ್ ಗೋಪುರದ ಮೇಲೆ ಕನ್ನಡಿಗಳು. ಅವು ಬಿಸಿಲನ್ನು ಹಿಡಿದು ಕೆಳಕ್ಕೆ ತಳ್ಳುತ್ತವೆ. ನೆಲದಡಿಯಲ್ಲಿ 60 ಮೀಟರ್ ಉದ್ದದ ಸುರಂಗ. ಅದರ ಕೊನೆಯಲ್ಲಿ ಸೂರ್ಯ 34 ಸೆಂಟಿಮೀಟರ್ ಅಗಲದ ಬಿಂಬವಾಗಿ ಬೀಳುತ್ತಾನೆ. ನೆಲದೊಳಗೆ ಯಾಕೆ? ಹೊರಗಿನ ಬಿಸಿಗಾಳಿ ಕದಲಿದರೆ ಬಿಂಬವೂ ಕದಲುತ್ತದೆ.

ಮ್ಯೂಸಿಯಂನ ಕತ್ತಲೆ ಕೋಣೆಯಲ್ಲಿ ಸೂರ್ಯನ ಬಿಂಬವನ್ನೂ ಅವನ ಬೆಳಕನ್ನು ಬಿಡಿಸಿದ ಬಣ್ಣದ ಪಟ್ಟಿಯನ್ನೂ ತೋರಿಸುತ್ತಾರೆ. ಪಟ್ಟಿಯ ತುಂಬಾ ಕೂದಲೆಳೆಯಂಥ ಕಪ್ಪು ಗೆರೆಗಳು. ಒಂದೊಂದೂ ಒಂದು ಧಾತುವಿನ ಸಹಿ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಆಂಧ್ರದ ಗುಂಟೂರಿಗೆ ಬಂದು ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಸೂರ್ಯನ ಅಂಚಿನ ಹೊಳೆಯುವ ಗೆರೆಗಳನ್ನು ಗ್ರಹಣ ಇಲ್ಲದಾಗಲೂ ನೋಡುವ ದಾರಿ ಕಂಡುಕೊಂಡರು. ಆ ವರ್ಷ ಕಂಡ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ಅಂದರೆ ಹುಟ್ಟುಹಬ್ಬದ ಬಲೂನಿನ ಅನಿಲವನ್ನು ಮನುಷ್ಯ ಮೊದಲು ಕಂಡಿದ್ದು 15 ಕೋಟಿ ಕಿಲೋಮೀಟರ್ ದೂರದಲ್ಲಿ.

"ಸೂರ್ಯನ ಬೆಳಕು ಎಂಟು ನಿಮಿಷದ್ದು ಅಲ್ವಾ?" ಎಂದರು ಭಾವ. ಮೇಲ್ಮೈಯಿಂದ ಇಲ್ಲಿಗೆ ಎಂಟು ನಿಮಿಷ, ಸರಿ. ಆದರೆ ನಡುಗರ್ಭದಲ್ಲಿ ಹುಟ್ಟಿದ ಶಕ್ತಿ ಒಳಗಿನ ನೂಕುನುಗ್ಗಲಿನಲ್ಲಿ ಹೊಯ್ದಾಡಿ ಮೇಲ್ಮೈಗೆ ಬರಲು ಸಾವಿರಾರು ವರ್ಷ ಬೇಕು, ಕೆಲವು ಲೆಕ್ಕದಲ್ಲಿ ಲಕ್ಷಕ್ಕೂ ಜಾಸ್ತಿ. ಅದೇ ಗರ್ಭದಲ್ಲಿ ಹುಟ್ಟಿದ ನ್ಯೂಟ್ರಿನೊ ಯಾರನ್ನೂ ಕೇಳದೆ ನೇರ ಬಂದುಬಿಡುತ್ತದೆ. ಈ ಲೆಕ್ಕದಲ್ಲಿ ಬಿಸಿಲು ಹಳೆಯ ಸುದ್ದಿ, ನ್ಯೂಟ್ರಿನೊ ಇವತ್ತಿನ ಪೇಪರ್.

ಮಂಗಳವಾರ: ಘಾಟಿ ಇಳಿದು ಘಾಟಿ ಹತ್ತಿ

ಪಳನಿ ಕಡೆ ಇಳಿದು, ಕೊಯಮತ್ತೂರು, ಮೇಟ್ಟುಪಾಳಯಂ, ಕೋಟಗಿರಿ ಮೇಲೆ ಊಟಿ. ಹುಡುಗಿಗೆ ತಿರುವುಗಳಲ್ಲಿ ವಾಂತಿ. ನೀಲಗಿರಿಗೂ ಇ-ಪಾಸ್. ಬೇಗ ಮಲಗಿದೆವು.

ಬುಧವಾರ: ಮುತ್ತೋರೈ

ಊಟಿಗೆ ನೂರು ಸಲ ಬಂದವರೂ ಮುತ್ತೋರೈಗೆ ಹೋಗಿರುವುದಿಲ್ಲ. ಕ್ಯಾರೆಟ್, ಆಲೂಗಡ್ಡೆ ಹೊಲಗಳ ಮಧ್ಯೆ ಒಂದು ಗುಡ್ಡದ ಇಳಿಜಾರಿನಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ ಮಲಗಿದೆ. ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ್ ಸ್ವರೂಪ್ ಮತ್ತು ಅವರ ತಂಡ ಇದನ್ನು ಕಟ್ಟಿ ಮುಗಿಸಿದ್ದು 1970ರಲ್ಲಿ. ಮೊದಲೇ ಈಮೇಲ್ ಬರೆದು ಅನುಮತಿ ತೆಗೆದುಕೊಂಡಿದ್ದೆವು.

ಹತ್ತಿರ ಹೋದರೆ ಆಶ್ಚರ್ಯ. ಕನ್ನಡಿ ಇಲ್ಲ, ತಟ್ಟೆ ಇಲ್ಲ. ಬಟ್ಟೆ ಒಣಹಾಕಲು ಕಟ್ಟಿದ ಹಾಗೆ ಬರೀ ತಂತಿಗಳು! ಸುಮಾರು 1,100 ಸಣ್ಣ ಸ್ಟೀಲ್ ತಂತಿಗಳನ್ನು 24 ಬಾಗಿದ ಚೌಕಟ್ಟುಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಿಗಿದಿದ್ದಾರೆ. ಮಧ್ಯೆ ಆಕಾಶ ಕಾಣುತ್ತದೆ. ಇದು ಹೇಗೆ ಕನ್ನಡಿಯಾಗುತ್ತದೆ? ಇದು ಹಿಡಿಯುವ ರೇಡಿಯೊ ಅಲೆಯ ಉದ್ದ ಸುಮಾರು 92 ಸೆಂಟಿಮೀಟರ್. ತಂತಿಗಳ ನಡುವಿನ ಸಂದು ಅದಕ್ಕಿಂತ ತೀರಾ ಚಿಕ್ಕದು. ಹಾಗಾಗಿ ಆ ಅಲೆಗೆ ಇದು ತೂತಿಲ್ಲದ ಗೋಡೆ.

ಇನ್ನೊಂದು ಜಾಣತನ ಜಾಗದ್ದೇ. ಗುಡ್ಡದ ಇಳಿಜಾರು ಸುಮಾರು 11 ಡಿಗ್ರಿ. ಊಟಿಯ ಅಕ್ಷಾಂಶವೂ ಅಷ್ಟೇ. ಕಾವಲೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಒಂದಿಷ್ಟೇ ಮೇಲೆ ಇತ್ತಲ್ಲ, ಅದೂ ಇದೇ ಲೆಕ್ಕ: ಎಷ್ಟು ಡಿಗ್ರಿ ಅಕ್ಷಾಂಶವೋ ಅಷ್ಟು ಎತ್ತರದಲ್ಲಿ ಧ್ರುವ. ಇಳಿಜಾರಿನ ಉದ್ದಕ್ಕೂ ಮಲಗಿಸಿದ್ದರಿಂದ ಈ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಭೂಮಿ ಒಂದು ಕಡೆ ತಿರುಗಿದರೆ ಇದು ಇನ್ನೊಂದು ಕಡೆ ಹೊರಳುತ್ತದೆ. ಒಂದೇ ಹೊರಳಾಟದಲ್ಲಿ ಒಂಬತ್ತು ಗಂಟೆಗೂ ಜಾಸ್ತಿ ಹೊತ್ತು ಒಂದೇ ಕಡೆ ಕಣ್ಣಿಟ್ಟಿರಬಹುದು. ದುಡ್ಡು ಕಮ್ಮಿ ಇದ್ದ ಕಾಲದಲ್ಲಿ ಅರ್ಧ ಕೆಲಸವನ್ನು ಗುಡ್ಡದ ಕೈಲೇ ಮಾಡಿಸಿದ್ದಾರೆ. ತಕರಾರಿನ ಹುಡುಗಿ ಮೊದಲ ಸಲ "ಸೂಪರ್" ಎಂದಳು.

ಇದರ ಮೊದಲ ಕೆಲಸಕ್ಕೆ ಪರದೆಯಾಗಿದ್ದು ಚಂದ್ರ. ದೂರದ ರೇಡಿಯೊ ಗೆಲಾಕ್ಸಿಯೊಂದರ ಮುಂದೆ ಚಂದ್ರ ಹಾದಾಗ ಸದ್ದು ನಿಲ್ಲುತ್ತದೆ. ತಟ್ಟನೆ ನಿಂತರೆ ಗೆಲಾಕ್ಸಿ ಕಾಣಲು ಚಿಕ್ಕದು, ನಿಧಾನಕ್ಕೆ ನಿಂತರೆ ದೊಡ್ಡದು. ಹೀಗೆ ನೂರಾರು ಗೆಲಾಕ್ಸಿಗಳನ್ನು ಅಳೆದರು. ಆ ಅಳತೆಗಳನ್ನಿಟ್ಟುಕೊಂಡು ಸ್ವರೂಪ್ ಮತ್ತು ವಿಜಯ್ ಕಪಾಹಿ 1975ರಲ್ಲಿ ವಿಶ್ವ ಯಾವತ್ತೂ ಒಂದೇ ತರಹ ಇರಲಿಲ್ಲ, ಕಾಲ ಕಳೆದಂತೆ ಬದಲಾಗಿದೆ ಎಂದು ತೋರಿಸಿದರು. ವಿಶ್ವ ಮಹಾಸ್ಫೋಟದಿಂದ ಶುರುವಾಯಿತು ಎನ್ನುವ ವಾದಕ್ಕೆ ಊಟಿಯ ಗುಡ್ಡದಿಂದ ಸಿಕ್ಕ ಬಲ ಅದು.

ನಕ್ಷತ್ರ ಮಿನುಗುವುದು ನಮ್ಮ ಗಾಳಿಯಿಂದ ಎಂದು ಶಾಲೆಯಲ್ಲೇ ಓದಿದ್ದೇವೆ. ರೇಡಿಯೊ ಮೂಲಗಳೂ ಮಿನುಗುತ್ತವೆ. ಅದಕ್ಕೆ ಕಾರಣ ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿ. ಆ ಮಿನುಗಾಟ ನೋಡಿ ಸೌರ ಗಾಳಿಯ ಬಿರುಸನ್ನು ಇಲ್ಲಿಂದ ಅಳೆಯುತ್ತಾರೆ.

ಊಟಿಯಲ್ಲೇ ಟಿಐಎಫ್‌ಆರ್‌ನ ಇನ್ನೊಂದು ಪ್ರಯೋಗ ಗ್ರೇಪ್ಸ್-3. ಹಿಡಿಯುವುದು ಮ್ಯೂಆನ್ ಎಂಬ ಕಣ. ಚಾಚಿದ ಅಂಗೈ ಮೇಲೆ ಸೆಕೆಂಡಿಗೆ ಒಂದೆರಡು ಬೀಳುತ್ತಲೇ ಇರುತ್ತವೆ. ಹದಿನೈದು ಕಿಲೋಮೀಟರ್ ಮೇಲೆ ಹುಟ್ಟುವ ಇವುಗಳ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಎರಡು ಪಟ್ಟು ಅಷ್ಟೇ. ಬೆಳಕಿನ ವೇಗದಲ್ಲಿ ಓಡಿದರೂ ಒಂದು ಕಿಲೋಮೀಟರ್ ಕೂಡ ದಾಟುವ ಹಾಗಿಲ್ಲ. ಆದರೂ ನೆಲ ಮುಟ್ಟುತ್ತವೆ, ಯಾಕೆಂದರೆ ಆ ವೇಗದಲ್ಲಿ ಅವುಗಳ ಗಡಿಯಾರ ನಮ್ಮ ಲೆಕ್ಕಕ್ಕೆ ನಿಧಾನ. ಐನ್‌ಸ್ಟೈನ್ ಹೇಳಿದ್ದು ನಮ್ಮ ಅಂಗೈ ಮೇಲೇ ನಡೆಯುತ್ತಿದೆ. 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಬಂದ ಒಂದು ಗುಡುಗು ಮೋಡ ಈ ಕಣಗಳನ್ನು ತಡೆದ ರೀತಿ ನೋಡಿ, ಆ ಮೋಡದೊಳಗೆ 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕ ಹಾಕಿದರು.

ಹೊರಗೆ ಕ್ಯಾರೆಟ್ ಮೂಟೆ ಕಟ್ಟುತ್ತಿದ್ದ ಬಡಗ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಅವರು ಬಡಗು, ನಾವು ಕನ್ನಡ. ಅರ್ಧಕ್ಕಿಂತ ಜಾಸ್ತಿ ಅರ್ಥವಾಯಿತು. ಆ ತಂತಿಗಳನ್ನು ಚಿಕ್ಕಂದಿನಿಂದ ನೋಡುತ್ತಿದ್ದಾರಂತೆ. ಅವರ ದೂರು ಬೇರೆಯೇ: ಕಾಡೆಮ್ಮೆ ಬೆಳೆ ತುಳಿಯುತ್ತವೆ, ಅದಕ್ಕೆ ಯಾರೂ ಯಂತ್ರ ಕಂಡುಹಿಡಿಯುತ್ತಿಲ್ಲ. ಎರಡು ಕಿಲೊ ಕ್ಯಾರೆಟ್ ಕೊಂಡೆವು.

ಗುರುವಾರ: ವಾಪಸ್

ಗೂಡಲೂರು, ಬಂಡೀಪುರ, ಮೈಸೂರು. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ನಾವು ಹಗಲಲ್ಲೇ ದಾಟಿದೆವು. ಬಿಡದಿ ಹತ್ತಿರ ಬಂದಾಗ ಬ್ಯಾಲಾಳು ನೆನಪಾಯಿತು. ಚಂದ್ರಯಾನಕ್ಕೆಂದು 2008ರಲ್ಲಿ ಇಸ್ರೊ ಅಲ್ಲಿ 32 ಮೀಟರ್ ಅಗಲದ ಆಂಟೆನಾ ನಿಲ್ಲಿಸಿದೆ. ಆದಿತ್ಯ-ಎಲ್1 ಇರುವುದು 15 ಲಕ್ಷ ಕಿಲೋಮೀಟರ್ ದೂರ, ಅದರ ಮಾತು ಇಲ್ಲಿಗೆ ಬರಲು 5 ಸೆಕೆಂಡ್. ಬಂಡೀಪುರದಲ್ಲಿ ಸಿಗ್ನಲ್ ಸಿಗದೆ ಮೊಬೈಲಿಗೆ ಶಾಪ ಹಾಕುತ್ತಿದ್ದ ಭಾವ ಇದನ್ನು ಕೇಳಿ ಏನೋ ಹೇಳಲು ಹೋಗಿ ಸುಮ್ಮನಾದರು. ಒಳಗೆ ಬಿಡುವುದಿಲ್ಲ, ಹಾಗಾಗಿ ಆ ಕಡೆ ತಿರುಗಲಿಲ್ಲ.

ಹೋಗುವವರಿಗೆ ಎರಡು ಮಾತು. ಕಾವಲೂರಿಗೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ, ಮಳೆಗಾಲದಲ್ಲಿ ಹೋದರೆ ಗುಮ್ಮಟ ಮಾತ್ರ ನೋಡಿ ಬರಬೇಕಾಗುತ್ತದೆ. ಸಮಯವನ್ನು ಖಭೌತ ಸಂಸ್ಥೆಯ ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ. ಮುತ್ತೋರೈಗೆ ಅನುಮತಿ ಇಲ್ಲದೆ ಹೋಗಬೇಡಿ. ಒಳಗೆ ಮೊಬೈಲ್ ಆಫ್ ಮಾಡಿ ಎಂದರೆ ನಿಜವಾಗಿ ಆಫ್ ಮಾಡಿ. ಗೆಲಾಕ್ಸಿಯಿಂದ ಬರುವ ಸದ್ದು ಅಷ್ಟು ಸಣ್ಣದು, ನಿಮ್ಮ ಜೇಬಿನ ಫೋನೇ ಅಲ್ಲಿ ಆಕಾಶದ ಅತಿ ಪ್ರಖರ ವಸ್ತುವಾಗಿಬಿಡುತ್ತದೆ.